ಎರಡು ಬೆರಳಿನಷ್ಟು ಕಿಟಕಿ

ಏಸಿ ಓಡುತ್ತಿರುವ ಕೋಣೆಯ ಬಾಗಿಲನ್ನು ಯಾರಾದರೂ ತೆರೆದಿಟ್ಟು ಹೋದರೆ ನನಗೆ ಸುಮ್ಮನೆ ಕೂತಿರಲು ಆಗುವುದಿಲ್ಲ. ಅದು ನನ್ನ ಮನೆಯೇ ಆಗಬೇಕೆಂದೇನೂ ಇಲ್ಲ. ಬ್ಯಾಂಕು, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಯಾರದೋ ಮದುವೆಯ ಊಟದ ಹಾಲ್, ಎಲ್ಲಾದರೂ ಸರಿ, ಎದ್ದು ಹೋಗಿ ಮುಚ್ಚಿ ಬರುತ್ತೇನೆ. ಬೆಂಗಳೂರಿನಲ್ಲಿ ನಾನು ಮೊದಲು ಸೇರಿದ ಆಫೀಸಿನಲ್ಲಿ ಏಸಿ ಇದ್ದದ್ದು ಒಂದೇ ಕೋಣೆಗೆ. ಅದರೊಳಗೆ ಹೋಗುವವರೂ ಬರುವವರೂ ಕಳ್ಳರಂತೆ ಒಂದೇ ಭುಜದಷ್ಟು ಸಂದು ಮಾಡಿಕೊಂಡು ನುಸುಳುತ್ತಿದ್ದರು. ನಮ್ಮ ಜನಕ್ಕೆ ಏಸಿಯ ತಂಪು ಹಾಲಿನ ಮೇಲಿನ ಕೆನೆಯಿದ್ದಂತೆ. ಮುಚ್ಚಳ ತೆಗೆದಿಟ್ಟರೆ ಬೆಕ್ಕಿನ ಪಾಲು.

ಈ ಅಭ್ಯಾಸವನ್ನು ನಾನು ಪಾಸ್‌ಪೋರ್ಟಿನ ಜೊತೆ ಪರ್ತ್‌ಗೂ ತಂದೆ. ಕಸ್ಟಮ್ಸಿನವರು ನನ್ನ ಹುಣಿಸೆಹಣ್ಣನ್ನು ಮೂಸಿ ನೋಡಿದರೇ ಹೊರತು ಇದನ್ನು ಕೇಳಲಿಲ್ಲ.

ನಾವು ಈಗಿರುವ ಬಾಡಿಗೆ ಮನೆಯನ್ನು ಹಿಡಿದದ್ದು ಚಳಿಗಾಲದಲ್ಲಿ. ಸೂರಿನ ಮೇಲೆ ಒಂದು ದೊಡ್ಡ ಪೆಟ್ಟಿಗೆ ಕೂತಿತ್ತು. ಏಜೆಂಟ್ ಹುಡುಗಿ ಅದರತ್ತ ಕೈ ತೋರಿಸಿ "ಏರ್‌ಕಾನ್" ಎಂದಳು, ನಾನು ತಲೆಯಾಡಿಸಿದೆ. ಸೂರಿನ ಮೇಲೆ ನಮ್ಮೂರಲ್ಲಾದರೆ ನೀರಿನ ಟ್ಯಾಂಕ್ ಇರುತ್ತದೆ, ಇಲ್ಲಿ ಏಸಿ ಇದೆ ಎಂದುಕೊಂಡೆನೇ ಹೊರತು, ಅದು ನಿಜಕ್ಕೂ ಅರ್ಧ ನೀರಿನ ಟ್ಯಾಂಕೇ ಎಂದು ನನಗೆ ಹೊಳೆಯಲಿಲ್ಲ. ನಾನು ಸೇತುವೆಗಳನ್ನು ವಿನ್ಯಾಸ ಮಾಡುವ ಇಂಜಿನಿಯರು. ಕೆಳಗೆ ಬೀಳಬಾರದ್ದು ಬೀಳದೆ ನಿಂತಿದ್ದರೆ ನನ್ನ ಕುತೂಹಲ ಅಲ್ಲಿಗೆ ಮುಗಿಯುತ್ತದೆ.

ಬೇಸಿಗೆ ಬಂತು, ಅದರ ಜೊತೆ ನಮ್ಮ ಮಗಳೂ ಹುಟ್ಟಿದಳು. ಬಾಣಂತನಕ್ಕೆಂದು ಮೈಸೂರಿನಿಂದ ಅತ್ತೆ ಸರೋಜಮ್ಮನವರು ಬಂದರು. ಅವರ ಬಾಣಂತನದ ಶಾಸ್ತ್ರದಲ್ಲಿ ಮೊದಲನೆಯ ವಿಧಿಯೂ ಕೊನೆಯ ವಿಧಿಯೂ ಒಂದೇ: ಬಾಣಂತಿಗೆ ಗಾಳಿ ತಗುಲಬಾರದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಸಾಕ್ಸು, ಕಿಟಕಿಗೆ ಅಗುಳಿ. ಹೊರಗೆ ನಲವತ್ತು ದಾಟಿದ ಬಿಸಿಲಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ. ಏಸಿ ಹಾಕಿದ ಮೇಲೆ ಕಿಟಕಿ ಮುಚ್ಚುವುದು ನನ್ನ ಧರ್ಮ, ಬಾಣಂತಿ ಇದ್ದಾಳೆಂದು ಕಿಟಕಿ ಮುಚ್ಚುವುದು ಅವರ ಧರ್ಮ. ಮದುವೆಯಾದಂದಿನಿಂದ ನಾನೂ ಅತ್ತೆಯೂ ಒಂದು ವಿಷಯದಲ್ಲಿ ಇಷ್ಟು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಪರ್ತ್‌ನ ಗಾಳಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಬೇಸಿಗೆಯ ಬೆಳಗ್ಗೆ ಇಲ್ಲಿ ಗಾಳಿ ಪೂರ್ವದಿಂದ, ಮರುಭೂಮಿಯ ಕಡೆಯಿಂದ ಬೀಸುತ್ತದೆ. ಒಲೆಯ ಬಾಗಿಲು ತೆಗೆದು ಮುಖ ಒಡ್ಡಿದಂತಿರುತ್ತದೆ. ಮಧ್ಯಾಹ್ನದ ಮೇಲೆ ದಿಕ್ಕು ಬದಲಾಗಿ ಸಮುದ್ರದಿಂದ ತಂಗಾಳಿ ಬರುತ್ತದೆ, ಅದನ್ನು ಈ ಊರಿನವರು ಪ್ರೀತಿಯಿಂದ 'ಡಾಕ್ಟರ್' ಎಂದೇ ಕರೆಯುತ್ತಾರೆ. ಇದನ್ನು ನಾನು ಅತ್ತೆಗೆ ಬಹಳ ಉತ್ಸಾಹದಿಂದ ವಿವರಿಸಿದೆ.

"ಇದೊಳ್ಳೆ ಕಥೆ," ಎಂದರು ಅತ್ತೆ. "ನಮ್ಮಲ್ಲಿ ಗಾಳಿ ತಗುಲಿದ್ರೆ ಡಾಕ್ಟರ ಹತ್ರ ಹೋಗ್ತೀವಿ. ಇಲ್ಲಿ ಗಾಳೀನೇ ಡಾಕ್ಟರಾ?"

ಆ ವಾರ ಆ ಡಾಕ್ಟರೂ ರಜೆ ಹಾಕಿದ್ದರು. ಸಂಜೆಯಾದರೂ ಸಮುದ್ರದ ಕಡೆ ಎಲೆ ಅಲ್ಲಾಡಲಿಲ್ಲ. ನಾನು ಏಸಿಯ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಸೂರಿನ ಪೆಟ್ಟಿಗೆ ಗುರುಗುಟ್ಟಿತು, ಛಾವಣಿಯ ಜಾಲರಿಗಳಿಂದ ಏನೋ ಒಂದು ಬಂದಂತೆ ಆಗಿ ನಿಂತಿತು. ತಂಪಿನ ಮಾತು ಹಾಗಿರಲಿ, ಮನೆಯೊಳಗೆ ಮಂಗಳೂರೇ ಬಂದು ಕೂತ ಹಾಗೆ ಜಿಗುಟು. ಕೆಲವು ವಿಚಿತ್ರಗಳೂ ನಡೆದವು. ಅತ್ತೆ ತಂದ ಚಕ್ಕುಲಿ, ಒಣಹವೆಯ ಈ ಊರಿನಲ್ಲಿ, ಡಬ್ಬಿ ತೆರೆದ ಸ್ವಲ್ಪ ಹೊತ್ತಿಗೇ ಬಗ್ಗಿಸಿದರೆ ಬಗ್ಗುವಷ್ಟು ಮೆತ್ತಗಾಯಿತು. ಉಪ್ಪು ಒದ್ದೆಯಾಯಿತು. ಮುಂಬಾಗಿಲ ಚಿಲಕ ತೆಗೆದರೆ ಸಾಕು, ಒಳಗಿನಿಂದ ಯಾರೋ ತಳ್ಳಿದಂತೆ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಅತ್ತೆ ಅದಕ್ಕೊಂದು ನಿಂಬೆಹಣ್ಣು ಕಟ್ಟಿದರು. ನಾನು ಕೀಲಿಗೆ ಎಣ್ಣೆ ಬಿಟ್ಟೆ. ಇಬ್ಬರ ಚಿಕಿತ್ಸೆಗೂ ಬಾಗಿಲು ಜಗ್ಗಲಿಲ್ಲ.

ಏಸಿ ಕೆಟ್ಟಿದೆ ಎಂದು ತೀರ್ಮಾನಿಸಿ ರಿಪೇರಿಯ ಗ್ಲೆನ್‌ಗೆ ಫೋನ್ ಮಾಡಿದೆ. ಆ ಬಿಸಿಲಲ್ಲಿ ಊರಿನವರೆಲ್ಲ ಅವನಿಗೇ ಫೋನ್ ಮಾಡುತ್ತಿದ್ದರು. "ಶುಕ್ರವಾರ ಆರ್ವೊ ಬರ್ತೀನಿ ಮೇಟ್, ಅದಕ್ಕೆ ಮೊದಲು ಸಾಧ್ಯವೇ ಇಲ್ಲ," ಎಂದ. ಆರ್ವೊ ಎಂದರೆ ಮಧ್ಯಾಹ್ನದ ಮೇಲೆ. ಶುಕ್ರವಾರವಾದರೋ ಇನ್ನೂ ದೂರವಿತ್ತು.

ದೊಡ್ಡವರಾದರೆ ಹೇಗೋ ತಡೆದುಕೊಳ್ಳುತ್ತೇವೆ. ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ ಎದ್ದಿತು. ಹಾಲು ಕುಡಿಯಲು ಬಾಯಿ ಹಚ್ಚುವುದು, ಸೆಕೆಗೆ ಬಿಟ್ಟು ಕಿರುಚುವುದು, ಮತ್ತೆ ಹಚ್ಚುವುದು. ಅದರ ಮುಖ ಕೆಂಪಗಾಗಿಬಿಡುತ್ತಿತ್ತು. ಒದ್ದೆ ಬಟ್ಟೆಯಿಂದ ಮೈ ಒರೆಸಿ ಒರೆಸಿ ಹೆಂಡತಿ ಸಿಂಧುವಿಗೂ ಸಾಕಾಯಿತು. ಗುರುವಾರ ಬೆಳಗ್ಗೆ ಅವಳು ಬ್ಯಾಗು ತೆಗೆದಳು.

"ಇವತ್ತು ಸಂಜೆ ನಂದಿನಿ ಮನೆಗೆ ಹೋಗ್ತೀನಿ. ಅವಳ ಏಸಿ ಕೆಲಸ ಮಾಡುತ್ತೆ."

ನಂದಿನಿ ಅವಳ ಗೆಳತಿ. ಮನೆ ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಗಳ ಪಕ್ಕ. ಅತ್ತೆಯ ಮುಖ ಕಪ್ಪಿಟ್ಟಿತು. "ಹಸಿ ಬಾಣಂತಿ ಹೊಸಿಲು ದಾಟೋದಾ? ನಾನು ಸಮುದ್ರ ದಾಟಿ ಬಂದಿದ್ದು ಯಾಕೆ ಹಾಗಾದ್ರೆ?"

"ಹಾಗಾದ್ರೆ ಕೂಸನ್ನ ಹೀಗೇ ಬೇಯಿಸ್ಲಾ ಅಮ್ಮ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಮಾತಿದೆಯಲ್ಲ, ಅದರಲ್ಲಿ ನೇಗಿಲಿನ ಪಾಡನ್ನು ಯಾರೂ ಕೇಳಿಲ್ಲ. ಅಂದು ಆ ನೇಗಿಲು ನಾನು. ಸಿಂಧು ಹೇಳುವುದು ಸರಿ. ಆದರೆ ಅತ್ತೆಯ ಕಣ್ಣಲ್ಲಿ ತುಂಬಿದ್ದು ಹಟವಲ್ಲ, ತಾನು ಬಂದದ್ದು ವ್ಯರ್ಥವಾಯಿತೇನೋ ಎನ್ನುವ ಅವಮಾನ. ಅವರು "ಹೋಗೋದಿದ್ರೆ ಹೋಗು, ಇವತ್ತು ನೀರು ಹಾಕಿ ತಲೆ ಒಣಗಿಸಿ ಕಳಿಸ್ತೀನಿ," ಎಂದು ಒಳಗೆ ಹೋದರು.

ಬಾಣಂತಿಯ ತಲೆ ಒಣಗಿಸುವುದೆಂದರೆ ಸಾಂಬ್ರಾಣಿ ಹೊಗೆ. ಕೆಂಡ ಬೇಕು, ಮನೆಯಲ್ಲಿ ಬಾರ್ಬಿಗೆಂದು, ಅಂದರೆ ಬಾರ್ಬೆಕ್ಯೂಗೆಂದು, ತಂದಿಟ್ಟ ಇದ್ದಿಲಿತ್ತು. ಆಸ್ಟ್ರೇಲಿಯಾದವರು ಸಾಸೇಜು ಸುಡುವ ಇದ್ದಿಲನ್ನು ಅತ್ತೆ ಹಿತ್ತಲಲ್ಲಿ ಹೊತ್ತಿಸಿ, ಹಳೆಯ ಬಾಣಲೆಯಲ್ಲಿ ತಂದು ಸಾಂಬ್ರಾಣಿ ಉದುರಿಸಿದರು. ಮನೆಯೇ ಒಲೆಯಾಗಿರುವಾಗ ಕೆಂಡ ಬೇರೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೂಸನ್ನು ಎತ್ತಿಕೊಂಡು ಬೇರೆ ಕೋಣೆಗೆ ಹೋದೆ.

ಅಲ್ಲಿಂದಲೇ ನನಗೆ ಕಂಡದ್ದು ಒಂದು ಸೋಜಿಗ. ಹೊಗೆ ಮೇಲೆ ಹೋಯಿತು, ಛಾವಣಿಯ ಜಾಲರಿಯ ಕೆಳಗೆ ನಿಂತು ಯೋಚಿಸಿತು, ಮತ್ತೆ ಇಳಿದು ಬಂತು. ಎಲ್ಲಿಗೂ ಹೋಗಲೊಲ್ಲದು. ಸಿಂಧುವಿನ ಕೂದಲು, ಅತ್ತೆಯ ಸೆರಗು, ನಡುಮನೆ, ಎಲ್ಲವೂ ದೇವಸ್ಥಾನದ ಗರ್ಭಗುಡಿಯಂತಾಗಿ, ಕೊನೆಗೆ ಛಾವಣಿಯ ಹೊಗೆ ಎಚ್ಚರಿಕೆಯ ಗಂಟೆ ಕಿವಿ ಹರಿಯುವಂತೆ ಅರಚತೊಡಗಿತು. ಕೂಸು ಅದಕ್ಕೆ ಸಮವಾಗಿ ಅರಚಿತು.

"ಅಯ್ಯೋ, ನಿಲ್ಲಿಸ್ರೀ ಅದನ್ನ, ಮಗು ಬೆಚ್ಚುತ್ತೆ!" ಎಂದು ಕೂಗಿದ ಅತ್ತೆ, ನನ್ನನ್ನು ಕಾಯದೆ, ತಾವೇ ಓಡಿ ನಡುಮನೆಯ ಕಿಟಕಿ ತೆರೆದರು. ಆಮೇಲೆ ಅಡುಗೆಮನೆಯದು. ಆಮೇಲೆ, ಯಾರೂ ತಡೆಯುವ ಮೊದಲೇ, ಬಾಣಂತಿ ಕೋಣೆಯದು.

ಗಂಟೆ ನಿಂತಿತು. ಆ ಮೌನದಲ್ಲಿ ಛಾವಣಿಯ ಜಾಲರಿ ಉಸಿರಾಡುವುದು ಕೇಳಿಸಿತು. ಕತ್ತಿನ ಮೇಲೆ ಏನೋ ತಣ್ಣಗೆ ಇಳಿಯಿತು. ನಾವು ಮೂವರೂ ತಲೆಯೆತ್ತಿ ನೋಡಿದೆವು. ಇಷ್ಟು ದಿನ ಮಿಸುಕದೆ ಕೂತಿದ್ದ ಏಸಿ ಮಳೆ ಬಂದ ನೆಲದಂಥ ತಂಪನ್ನು ಧಾರಾಳವಾಗಿ ಸುರಿಯುತ್ತಿತ್ತು. ಹೊಗೆ ಸಾಲುಗಟ್ಟಿ ಕಿಟಕಿಯತ್ತ ಹೊರಟಿತ್ತು.

ಆಗ ಅತ್ತೆಗೆ ಮಾಡಿದ ತಪ್ಪಿನ ಅರಿವಾಯಿತು. "ಅಯ್ಯೋ, ಗಾಳಿ!" ಎಂದು ಕಿಟಕಿ ಮುಚ್ಚಲು ಕೈ ಚಾಚಿದವರು ಅರ್ಧಕ್ಕೇ ನಿಂತರು. ಅಂಗೈಯನ್ನು ಸಂದಿಗೆ ಹಿಡಿದರು. ಹಿಂದೆ ತಿರುಗಿ ಬಾಣಲೆಯನ್ನು ತಂದು ಕಿಟಕಿಯ ಕೆಳಗೆ ಹಿಡಿದರು. ಹೊಗೆ ಬಳುಕದೆ ನೆಟ್ಟಗೆ ಹೊರಗೆ ಹೋಯಿತು.

"ಅಳಿಯಂದ್ರೇ, ಇಲ್ಲಿ ಬನ್ನಿ. ಗಾಳಿ ಒಳಗೆ ಬರ್ತಾನೇ ಇಲ್ಲ. ಹೊರಗೆ ಹೋಗ್ತಿದೆ."

ನಾನೂ ಕೈ ಹಿಡಿದು ನೋಡಿದೆ. ನಿಜ. ಮರುಭೂಮಿಯ ಗಾಳಿ ಹೊರಗೇ ನಿಂತಿತ್ತು, ಮನೆಯ ಗಾಳಿ ಅದನ್ನು ತಳ್ಳಿಕೊಂಡು ಹೊರಡುತ್ತಿತ್ತು. ಬಾಣಂತಿಗೆ ಹೊರಗಿನ ಗಾಳಿ ತಗುಲಬಾರದು ಎಂಬ ವಿಧಿ ಕೂದಲೆಳೆಯಷ್ಟೂ ಕೊಂಕಿರಲಿಲ್ಲ. ಅತ್ತೆ ಇದನ್ನು ಎರಡು ಸಲ, ಮೂರು ಸಲ ಪರೀಕ್ಷಿಸಿ, ಪೀಠದಿಂದ ತೀರ್ಪು ಕೊಡುವವರಂತೆ, "ಹಾಗಾದ್ರೆ ತೆಗೆದಿರ್ಲಿ," ಎಂದರು. ಆದರೂ ಸಿಂಧುವಿನ ಕಿವಿಯ ಹತ್ತಿಯನ್ನು ಇನ್ನೊಂದಿಷ್ಟು ಒತ್ತಿದರು.

ಆ ಮಧ್ಯಾಹ್ನ ಕೂಸು ಹೊಟ್ಟೆ ತುಂಬ ಹಾಲು ಕುಡಿದು, ಕೈಕಾಲು ಚೆಲ್ಲಿ ಮಲಗಿತು. ಅದು ಹಾಗೆ ಮಲಗಿದ್ದನ್ನು ನೋಡಲು ಸಿಂಧು ಬ್ಯಾಗಿನ ಪಕ್ಕದಲ್ಲೇ ಕೂತಳು, ಕೂತವಳು ತಾನೂ ಅಲ್ಲೇ ನಿದ್ದೆ ಹೋದಳು. ಅತ್ತೆ ಸದ್ದಾಗದಂತೆ ಬ್ಯಾಗಿನೊಳಗಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಸೇರಿಸಿದರು.

ನಾನು ಆಗ ಸೂರು ಹತ್ತಿ ನೋಡಿ ಬಂದು, ಕೂತು ಯೋಚಿಸಿದೆ. ಸೂರಿನ ಪೆಟ್ಟಿಗೆಯ ಪಕ್ಕಗಳಲ್ಲಿ ಒದ್ದೆ ಮಾಡಿದ ಹಾಸುಗಳಿವೆ, ಹೊರಗಿನ ಗಾಳಿ ಅವುಗಳನ್ನು ಹಾದು ತಂಪಾಗಿ ಒಳಗೆ ಬರುತ್ತದೆ, ಅಷ್ಟೆ. ಇದೇನು ಹೊಸ ವಿದ್ಯೆಯೇ? ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದವರು ನಮ್ಮ ಹಿರಿಯರು. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಅದು ಬೆವರುವುದರಿಂದಲೇ. ಹೂಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟು, ಅಯ್ಯೋ ಹೂಜಿ ಕೆಟ್ಟಿದೆ ಎಂದು ಕುಂಬಾರನಿಗೆ ಫೋನ್ ಮಾಡಿದವನಿಗೂ ನನಗೂ ಏನು ವ್ಯತ್ಯಾಸ? ನಾವು ಕಂಡ ಏಸಿ ಇದ್ದ ಗಾಳಿಯನ್ನೇ ಸುತ್ತಿಸಿ ಸುತ್ತಿಸಿ ತಣಿಸುವಂಥದು. ಇದು ಬೇರೆ ಕುಲ. ಹೊರಗೆ ಹೋಗಲು ದಾರಿ ಇದ್ದರೆ ಮಾತ್ರ ಇದರ ಗಾಳಿ ಒಳಗೆ ಬರುತ್ತದೆ. ಬಾಗಿಲನ್ನು ತಳ್ಳುತ್ತಿದ್ದದ್ದೂ ಚಕ್ಕುಲಿಯನ್ನು ಮೆತ್ತಗೆ ಮಾಡಿದ್ದೂ ಇದೇ ಒದ್ದೆ ಗಾಳಿ. ನಿಂಬೆಹಣ್ಣನ್ನು ನಾನೇ ಬಿಚ್ಚಿ ಅತ್ತೆಗೆ ಕೊಟ್ಟೆ, ಅವರು ಅದರಿಂದ ಪಾನಕ ಮಾಡಿದರು.

ಶುಕ್ರವಾರ ಬರುವುದು ಬೇಡವೆಂದು ಗ್ಲೆನ್‌ಗೆ ಹೇಳಲು ಮರೆತಿದ್ದೆ. ಅವನು ಬಂದೇ ಬಂದ, ಸೂರು ಹತ್ತಿ ಇಳಿದ, ಎಲ್ಲ ಸರಿಯಿದೆ ಎಂದ. ನಾನು ಕಥೆ ಹೇಳುವ ಮೊದಲೇ ಅತ್ತೆ ಕೈಸನ್ನೆ ಮಾಡಿ ಅವನನ್ನು ಕಿಟಕಿಯ ಬಳಿಗೆ ಕರೆದು, ಊದುಬತ್ತಿ ಹಚ್ಚಿ ಹೊಗೆಯ ಪ್ರಯೋಗ ತೋರಿಸಿದರು. ಅವನು ಬಿದ್ದು ಬಿದ್ದು ನಕ್ಕು, ಪ್ರತಿ ಕೋಣೆಗೂ ಎರಡು ಬೆರಳಿನಷ್ಟು ಸಂದು ಸಾಕು ಎಂದು ಬೆರಳೆತ್ತಿ ತೋರಿಸಿ, ಮಜ್ಜಿಗೆ ಕುಡಿದು ಹೊರಟ. ಅಂದಿನಿಂದ ಮನೆಯ ಕಿಟಕಿಗಳ ಯಜಮಾನಿಕೆ ಅತ್ತೆಯದಾಯಿತು. ದಿನವೂ ಎರಡು ಬೆರಳು ಇಟ್ಟು ಅಳೆದು ತೆರೆಯುತ್ತಿದ್ದರು. ಬಾಣಂತಿ ಹೊಸಿಲು ದಾಟಲಿಲ್ಲ, ಕೂಸಿನ ಬೆವರುಸಾಲೆ ಇಳಿಯಿತು, ಸಮುದ್ರದ ಡಾಕ್ಟರೂ ರಜೆ ಮುಗಿಸಿ ಡ್ಯೂಟಿಗೆ ಬಂದರು.

ಇಲ್ಲಿ ಬಿಸಿಲು ಇಳಿದು, ಮೈಸೂರಿನಲ್ಲಿ ಏರುವ ಹೊತ್ತಿಗೆ ಅತ್ತೆ ವಾಪಸು ಹೋಗಿ ಕಿರಿಯ ಮಗಳ ಮನೆ ಸೇರಿದರು. ಮೊನ್ನೆ ಆ ಮನೆಯಿಂದ ನನ್ನ ಷಡ್ಡಕ ಫೋನ್ ಮಾಡಿದ. ಪಾಪ, ಹೊಸದಾಗಿ ಏಸಿ ಹಾಕಿಸಿಕೊಂಡವನು.

"ಭಾವ, ಅತ್ತೆಗೆ ಏನು ಹೇಳಿ ಕಳಿಸಿದ್ದೀರ? ನಾನು ಏಸಿ ಹಾಕೋದು, ಅವರು ಬಂದು ಕಿಟಕಿ ತೆಗೆಯೋದು. ಎರಡು ಬೆರಳು ಇಟ್ಟು ಅಳೀತಾರೆ. ಕೇಳಿದ್ರೆ, ನಿಮಗೆ ಗೊತ್ತಿಲ್ಲ, ಆಸ್ಟ್ರೇಲಿಯಾದಲ್ಲಿ ನೋಡಿದ್ದೀನಿ ಅಂತಾರೆ. ಕೋಣೆ ತಣ್ಣಗೇ ಆಗ್ತಿಲ್ಲ, ರಿಪೇರಿಯವನನ್ನ ಕರೀಲಾ?"

ನಾನು ಬಾಯಿ ತೆರೆದೆ. ಲಾವಂಚ, ಹೂಜಿ, ಏಸಿಯ ಕುಲಭೇದ ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಆಗ ಬಾಣಲೆ ಹಿಡಿದು ಕಿಟಕಿಯ ಕೆಳಗೆ ನಿಂತಿದ್ದ ಅತ್ತೆಯ ಮುಖ ನೆನಪಾಯಿತು. ಇಂಥದ್ದು ಫೋನಿನಲ್ಲಿ ಹೇಳಿಸಿಕೊಂಡು ತಿಳಿಯುವ ವಿಷಯವಲ್ಲ.

"ರಿಪೇರಿಯವನು ಬೇಡ," ಎಂದೆ. "ಅತ್ತೆ ಕೈಗೆ ಒಂದು ಊದುಬತ್ತಿ ಕೊಟ್ಟು, ಕಿಟಕಿ ಸಂದೀಲಿ ಹೊಗೆ ಯಾವ ಕಡೆ ಹೋಗುತ್ತೆ ನೋಡಿ ಅನ್ನಿ. ಮಿಕ್ಕಿದ್ದು ಅವರೇ ನೋಡ್ಕೊಳ್ತಾರೆ."