ಜಲ್ದಿ ಅನ್ನಬ್ಯಾಡ್ರಿ

"ತಲಿ ಅಲುಗಾಡಿಸಬ್ಯಾಡ್ರಿ ಸರ್" ಎಂದು ಹಿಂದಿನ ಸೀಟಿನಿಂದ ಹೆಣ್ಣುದನಿಯೊಂದು ಹೇಳಿತು. ಸಂಡೂರಿನ ಬಯಲೊಂದರಲ್ಲಿ, ಗುಜರಿಯಿಂದ ತಂದ ಕಾರಿನ ಸ್ಟೇರಿಂಗ್ ಮುಂದೆ ನಾನು ಕೂತಿದ್ದೆ. ಅಪಘಾತವಾದಾಗ ಗಾಯಾಳುವನ್ನು ವಾಹನದಿಂದ ಹೊರತೆಗೆಯುವ ತರಬೇತಿ ಅದು. ಸ್ವಯಂಸೇವಕನಾಗಿ ಹೋಗಿದ್ದ ನನಗೆ ಗಾಯಾಳುವಿನ ಪಾತ್ರ ಸಿಕ್ಕಿತ್ತು. ಹಿಂದೆ ಕೂತಾಕೆ ಗೃಹರಕ್ಷಕ ದಳದವರು. ನನ್ನ ಕುತ್ತಿಗೆ ತಿರುಗದಂತೆ ತಲೆಯನ್ನು ಎರಡೂ ಕೈಗಳಿಂದ ಹಿಡಿದಿರುವುದು ಅವರ ಕೆಲಸ.

ಹೊರಗೆ ನಿಂತವರ ಬಾಯಲ್ಲಿ ರೂಢಿಯಂತೆ "ಜಲ್ದಿ ಎಳೀರಿ, ಜಲ್ದಿ" ಎಂಬ ಮಾತೇ ಬರುತ್ತಿತ್ತು. ಗಡಿಬಿಡಿಯಲ್ಲಿ ಎಳೆದರೆ ಬೆನ್ನುಹುರಿಗೇ ಪೆಟ್ಟಾದೀತೆಂದು ತರಬೇತುದಾರರು ಆ ಪದವನ್ನೇ ಆಡಕೂಡದು ಎಂದರು. ಬಾಗಿಲು ಕತ್ತರಿಸಿದ್ದಾಯಿತು, ನನ್ನ ಕುತ್ತಿಗೆಗೆ ಪಟ್ಟಿಯೂ ಬಂತು. ಅಲ್ಲಿಗೆ ನಿಲ್ಲಿಸಿ ಎಲ್ಲರನ್ನೂ ಚಹಾಕ್ಕೆ ಬಿಟ್ಟರು. ಆದರೆ ಆ ಕೈಗಳು ಮಾತ್ರ ಸಡಿಲಾಗಲಿಲ್ಲ.

"ಮುಗೀತಲ್ರಿ ಅಕ್ಕಾ, ಬಿಡ್ರಿ" ಎಂದೆ.

ಕೈ ತೆಗೆಯದೆಯೇ ಅವರು ಹೇಳಿದರು: "ದರೋಜಿ ರಸ್ತೆದಾಗ ನಮ್ಮ ಮನಿಯವ್ರು ಹಿಂಗ ಕಾರಿನ್ಯಾಗ ಸಿಕ್ಕೊಂಡಿದ್ರು. ಪಾಪ, ಮಂದಿ ಒಳ್ಳೇದಕ್ಕಂತ ಜಲ್ದಿ ಜಲ್ದಿ ಎಳದು ತಗದ್ರು. ಎಳಿಯೋತನಕ ನನ್ನ ಜೋಡಿ ಮಾತಾಡ್ತಿದ್ರು ರೀ."

ತಿರುಗಿ ಅವರ ಮುಖ ನೋಡಬೇಕೆನಿಸಿತು. ತಲೆ ಅವರ ಕೈಯಲ್ಲಿತ್ತು. ಅವರಾಗಿಯೇ ಬಿಡುವವರೆಗೆ ನಾನೂ ಅಲುಗಾಡದೆ ಕೂತೆ.

ಈಗ ಬಸ್ಸಿನಲ್ಲಿ ಕಂಡಕ್ಟರ್ "ಜಲ್ದಿ ಇಳೀರಿ" ಎಂದರೂ ಸಾಕು, ನನ್ನ ಕಿವಿಗಳ ಪಕ್ಕದಲ್ಲಿ ಆ ಎರಡು ಕೈಗಳು ಬಿಗಿಯಾಗುತ್ತವೆ.