ಒಂಟಿಕೊಪ್ಪಲಿನಿಂದ ಆಫ್ರಿಕಾಕ್ಕೊಂದು ಠರಾವು

ಮೈಸೂರು ಒಂಟಿಕೊಪ್ಪಲಿನ ಕಾಫಿ ಹೋಟೆಲಿನ ಚಿಕ್ಕಣ್ಣ ಓದಿದ್ದು ನಾಲ್ಕನೇ ಕ್ಲಾಸು, ಕಲಿತದ್ದೆಲ್ಲ ಜೈಲಿನಲ್ಲಿ. ನಲವತ್ತೇಳರಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಅರಮನೆ ಕಡೆ ಹೊರಟ ಮೆರವಣಿಗೆಯಲ್ಲಿ ಲಾಠಿ ಏಟಿಗೆ ಅವನ ಎಡಗೈ ಮುರಿದಿತ್ತು. ಸೊಟ್ಟಗೆ ಕೂಡಿಕೊಂಡ ಆ ಕೈಯಲ್ಲೇ ಇಷ್ಟು ವರ್ಷ ಕಾಫಿ ಸೋಸಿದ. ಆ ಕೈ ನೋಡಿಯೇ ಜನ ಅವನನ್ನು ಮುನಿಸಿಪಾಲಿಟಿಗೆ ಆರಿಸಿದ್ದು. ಕೌನ್ಸಿಲರ್ ಆದಮೇಲೂ ಬೆಳಿಗ್ಗೆ ಒಲೆ ಹಚ್ಚುವವನು ಅವನೇ, ಬೆಂಚು ಒರೆಸುವವನೂ ಅವನೇ.

ಹೋಟೆಲಿನ ಹಿಂಗೋಡೆಗೆ ಒಂದು ಕಲ್ಲಿನ ಚಾಚು. ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟಗಳು. ಬೀದಿ ಗುಡಿಸುವವರು ಬಂದರೆ ಅವರೇ ಲೋಟ ಎತ್ತಿಕೊಂಡು ಹಿಡಿಯಬೇಕು, ಹೋಟೆಲಿನವನು ಮೇಲಿನಿಂದ ಕಾಫಿ ಹುಯ್ಯಬೇಕು, ಕುಡಿದು ಅವರೇ ತೊಳೆದಿಡಬೇಕು. ಚಿಕ್ಕಣ್ಣನ ಅಪ್ಪ ಮಾಡಿದ ಏರ್ಪಾಡು ಅದು. ಮಗ ಅದನ್ನು ಮುಟ್ಟಿರಲಿಲ್ಲ. ಅದರ ವಿಷಯ ಯೋಚಿಸಿಯೂ ಇರಲಿಲ್ಲ.

ಅರವತ್ತರ ಮಾರ್ಚಿನಲ್ಲಿ ಯಾರೋ ಗಿರಾಕಿ ಪೇಪರು ಗಟ್ಟಿಯಾಗಿ ಓದಿದರು. ದಕ್ಷಿಣ ಆಫ್ರಿಕಾದಲ್ಲಿ ಕರಿಯ ಜನ ಓಡಾಡಬೇಕಾದರೆ ಪಾಸು ಇಟ್ಟುಕೊಂಡಿರಬೇಕಂತೆ, ಬೇಡವೆಂದು ಠಾಣೆ ಮುಂದೆ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರಂತೆ. ಓಡುತ್ತಿದ್ದವರಿಗೆ ಬೆನ್ನಿಗೇ ಬಿದ್ದವಂತೆ. ಚಿಕ್ಕಣ್ಣ ಕೈಲಿದ್ದ ಚೊಂಬು ಕೆಳಗಿಟ್ಟು, ಮುಂದಿನ ಮೀಟಿಂಗಿಗೆ ಖಂಡನೆಯ ಠರಾವು ತರುತ್ತೇನೆ ಅಂದ.

ಮೂಲೆಯ ಬೆಂಚಿನಲ್ಲಿ ಕೇರಿಯ ಯಜಮಾನ ದ್ಯಾವೇಗೌಡ ಕೂತಿದ್ದ. ಕೊಪ್ಪಲು ಪಟ್ಟಣದ ಹೊಟ್ಟೆಗೆ ಸೇರಿ ಎಷ್ಟೋ ಕಾಲವಾಗಿದ್ದರೂ ಮದುವೆ, ಸಾವು, ಜಗಳ ಎಲ್ಲಕ್ಕೂ ಅವನ ಮಾತೇ ಕಡೆ. ಅವನು ಕಾಫಿ ಮುಗಿಸಿ ಮೆಲ್ಲಗೆ ಹೇಳಿದ: “ದೂರದ ಬೆಂಕಿಗೆ ಕೈ ಚಾಚ್ಬ್ಯಾಡ ಕಣೋ ಚಿಕ್ಕಣ್ಣ. ಒಳಗೆ ನಿಮ್ಮವ್ವ ಮಲಗವ್ಳೆ. ನಾಳೆ ಹೆಗಲು ಕೊಡೋರು ಈ ಕೇರಿಯೋರೇ, ಆಫ್ರಿಕಾದೋರಲ್ಲ.”

ಅವ್ವ ಅನ್ನ ಬಿಟ್ಟಾಗಿತ್ತು. ಗಂಜಿಯೂ ಇಳಿಯುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಯಜಮಾನನ ಬಾಯಲ್ಲಿ ಈ ಮಾತು ಸುಮ್ಮನೆ ಬರುವುದಲ್ಲ. ಚಿಕ್ಕಣ್ಣನಿಗೆ ಅದು ಗೊತ್ತಿತ್ತು. ಆದರೂ ಮೀಟಿಂಗಿಗೆ ಹೋದ.

ಅಲ್ಲಿ ಸರಸ್ವತಿಪುರಂನ ವಕೀಲ ಸುಂದರೇಶ ಮೊದಲು ಎದ್ದ. “ಪಡುವಾರಹಳ್ಳಿ ಚರಂಡಿ ದಾಟಕ್ಕೆ ನಮ್ಮ ಹತ್ರ ಒಂದು ಹಲಗೆ ಇಲ್ಲ, ಚಿಕ್ಕಣ್ಣನೋರು ಸಮುದ್ರ ದಾಟಿ ಬುದ್ಧಿ ಹೇಳಕ್ಕೆ ಹೊರಟವ್ರೆ” ಅಂದ. ಸಭೆ ನಕ್ಕಿತು. ನಮ್ಮ ದೇಶದ ಮಾತಿಗೇ ಕಿವಿಗೊಡದ ಬಿಳಿಯರು ಒಂದು ಊರಿನ ಮುನಿಸಿಪಾಲಿಟಿಗೆ ಹೆದರುತ್ತಾರೆಯೇ ಎಂದು ಇನ್ನೊಬ್ಬರು ಕೇಳಿದರು.

ಚಿಕ್ಕಣ್ಣ ಜೈಲಿನ ಸಂಗತಿ ಹೇಳಿದ. ಒಳಗೆ ದಿನಾ ಒದೆ ಬೀಳುತ್ತಿದ್ದಾಗ, ಗಡಿಯಾಚೆ ಯಾವುದೋ ಸಣ್ಣ ಊರಿನವರು ಸಭೆ ಸೇರಿ ಮೈಸೂರಿನ ಕೈದಿಗಳನ್ನು ಹೊಡೆಯಬೇಡಿ ಎಂದು ಕೂಗಿದರೆಂಬ ಸುದ್ದಿ ಬಂದಿತ್ತು. ಒದೆ ನಿಲ್ಲಲಿಲ್ಲ. ಆದರೆ ಒದೆಯುವವನು ಹಿಂದೆಮುಂದೆ ನೋಡಿ ಒದೆಯತೊಡಗಿದ. ಅಷ್ಟೇ ಸಾಕಾಗಿತ್ತು, ಅಂದ.

ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. ಪಾಸು ಅಂದರೇನು ಎಂದು ಒಬ್ಬ ಮೆಂಬರು ಕೇಳಿದ. ಚಿಕ್ಕಣ್ಣ ಹೋಟೆಲಿನವನು, ಕಣ್ಣಿಗೆ ಕಾಣುವುದನ್ನೇ ಹೇಳುವವನು. ನಮ್ಮ ಬೀದಿ ಗುಡಿಸುವ ಜಾಡಮಾಲಿಗಳ ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಇರುತ್ತದಲ್ಲ, ಹಾಗೆ ಎಂದ. “ಒಂದೇ ಬೆಂಚ್ನಾಗೆ ಕೂರಿಸಲ್ವಂತೆ, ಒಂದೇ ಲೋಟ ಕೊಡಲ್ವಂತೆ. ಅಂಥೋರ್ನ ಮನುಷ್ಯರು ಅಂತೀರಾ?”

ಸಂಬಳದ ಅಹವಾಲು ಹಿಡಿದು ಬಂದಿದ್ದ ಬೀದಿ ಗುಡಿಸುವವರು ಬಾಗಿಲಾಚೆ ನಿಂತಿದ್ದರು. ಅವರ ಮುಖಂಡೆ ಚೆಲುವಮ್ಮ ಸೆರಗಿನ ಮರೆಯ ಬಿಲ್ಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಸುಂದರೇಶ, ಚಿಕ್ಕಣ್ಣನ ಹಿಂಗೋಡೆಯ ಲೋಟಗಳನ್ನು ಬಲ್ಲವನು, ಅದನ್ನು ಕಂಡ. ಕಂಡವನೇ ತನ್ನ ವಿರೋಧ ವಾಪಸು ತೆಗೆದುಕೊಂಡು, ಠರಾವು ಸರ್ವಾನುಮತದಿಂದ ಆಗಲಿ ಎಂದು ನಗುತ್ತಾ ಕೂತ. ಬಲಿಗೆ ಬಿಟ್ಟ ಕೋಣಕ್ಕೆ ಹಾರ ಹಾಕುವವನ ನಗು ಅದು.

ಮಾರನೆಯ ಬೆಳಿಗ್ಗೆ ಚೆಲುವಮ್ಮ ಇನ್ನಿಬ್ಬರನ್ನು ಕರೆದುಕೊಂಡು ಹೋಟೆಲಿನ ಮುಂಬಾಗಿಲಿನಿಂದ ಬಂದು ಬೆಂಚಿನ ತುದಿಯಲ್ಲಿ ಕೂತಳು.

“ಕಾಫಿ ಕೊಡಿ ಚಿಕ್ಕಣ್ಣನೋರೆ” ಅಂದಳು. “ನಿನ್ನೆ ನೀವು ಹೇಳಿದ್ದು ಆಫ್ರಿಕಾದೋರ್ಗೆ ಮಾತ್ರಾನಾ, ಕೇಳ್ಕೊಂಡು ಹೋಗಾನ ಅಂತ ಬಂದ್ವಿ.”

ಚಿಕ್ಕಣ್ಣನ ಸೊಟ್ಟ ಕೈ ಮೊದಲು ಹಿಂಗೋಡೆಯ ಲೋಟಗಳನ್ನು ತೋರಿಸಲು ಎದ್ದಿತು, ಅಭ್ಯಾಸ. ಅರ್ಧದಲ್ಲಿ ನಿಂತಿತು. ಒಳಗಿನ ಗಿರಾಕಿಗಳ ಹಿತ್ತಾಳೆ ಲೋಟಗಳನ್ನು ತೆಗೆದು ಕಾಫಿ ಹುಯ್ದು ಅವರ ಮುಂದಿಟ್ಟ.

ಯಾರೂ ಬಯ್ಯಲಿಲ್ಲ. ಬಯ್ದರೆ ಕೇಸಾಗುವ ಕಾನೂನು ಬಂದಿತ್ತು. ದ್ಯಾವೇಗೌಡ ಅರ್ಧ ಕುಡಿದ ಲೋಟ ಇಟ್ಟು ಎದ್ದ. ಮಿಕ್ಕವರೂ ಒಬ್ಬೊಬ್ಬರೇ ಎದ್ದರು. ಹಾಲಿನವನು ಮರುದಿನ ನಿಲ್ಲದೆ ಬಾಗಿಲು ದಾಟಿ ಮುಂದೆ ಹೋದ. ಪಕ್ಕದ ಮನೆಯ ಮದುವೆಗೆ ಮನೆಮನೆಗೂ ವೀಳ್ಯ ಕೊಟ್ಟು ಕರೆಯುತ್ತಾ ಬಂದವರು ಚಿಕ್ಕಣ್ಣನ ಹೊಸ್ತಿಲು ಬಂದಾಗ ನೆಲ ನೋಡಿಕೊಂಡು ಮುಂದಿನ ಮನೆಗೆ ಹೋದರು. ವೀಳ್ಯ ತಪ್ಪಿತೆಂದರೆ ಕುಲ ತಪ್ಪಿತೆಂದೇ ಲೆಕ್ಕ. ಹೆಂಡತಿ ಮಂಗಳಮ್ಮ ಬಾಗಿಲು ಹಾಕಿ, ತೆಗೆದುಹಾಕಿದ ಹಿಂಗೋಡೆಯ ಲೋಟಗಳನ್ನು ಮತ್ತೆ ಇಟ್ಟುಬಿಡಿ ಎಂದು ಅತ್ತಳು. ಅವನು ಇಡಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವ್ವ ಹೋದಳು. ಮಂಗಳಮ್ಮನ ಗೋಳು ಕೇರಿಗೆಲ್ಲ ಕೇಳಿಸಿತು. ಕೇಳಿಸಿದ್ದಕ್ಕೇ ಬಾಗಿಲುಗಳು ಮುಚ್ಚಿಕೊಂಡವು. ಚಿಕ್ಕಣ್ಣ ತಾನೇ ಬಿದಿರು ತಂದು ಸೊಟ್ಟ ಕೈಯಲ್ಲೇ ಚಟ್ಟ ಕಟ್ಟಿದ. ಯಜಮಾನನ ಕಡೆಯಿಂದ ಆಳು ಬಂದು ಹೇಳಿಹೋದ: ಹೋಟೆಲು ಗಂಜಲದಲ್ಲಿ ತೊಳೆಸಿ, ಕೇರಿಯ ಪಂಚಾಯ್ತಿ ಕಟ್ಟೆ ಮುಂದೆ ತಪ್ಪಾಯ್ತು ಅಂದರೆ ಹೆಗಲು ಕೊಡಲು ಗಂಡಸರು ಬರುತ್ತಾರೆ.

ಬಿಸಿಲು ಇಳಿಯಿತು. ಅವ್ವನ ಮುಖಕ್ಕೆ ನೊಣ ಕೂರತೊಡಗಿತು. ಆಗ ಬೀದಿಯ ತಿರುವಿನಲ್ಲಿ ಚೆಲುವಮ್ಮ ಕಂಡಳು. ಹಿಂದೆ ಅವಳ ಕಡೆಯ ಗಂಡಸರು ಟವಲು ಸುತ್ತಿಕೊಂಡು ನಿಂತಿದ್ದರು. ಅವಳೊಬ್ಬಳೇ ಜಗಲಿಯವರೆಗೆ ಬಂದಳು.

“ನಾವು ಹೆಗಲು ಕೊಡ್ತೀವಿ. ಆದ್ರೆ ನೀವು ಎಲ್ಲರ ಮುಂದೆ ಕರೀಬೇಕು. ಕರೀದೆ ಬಂದ್ರೆ ನಮ್ಮ ಗುಡಿಸ್ಲು ಉಳಿಯಾಕಿಲ್ಲ.”

“ಕರೆದ್ರೆ ಉಳೀತವಾ?”

ಚೆಲುವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಚಿಕ್ಕಣ್ಣ ಚಟ್ಟದ ಕಡೆ ನೋಡಿದ, ಕಟ್ಟೆಯ ಕಡೆ ನೋಡಿದ. ತಪ್ಪಾಯ್ತು ಎನ್ನಲು ಒಂದು ಉಸಿರು ಸಾಕು. ಆಮೇಲೆ ಮುನಿಸಿಪಾಲಿಟಿಯಲ್ಲಿ ಅವನು ಆಡಿದ್ದೆಲ್ಲ ಬಾಯಿಚಪಲ. ಜಗಲಿಯಿಂದ ಇಳಿದು ಬೀದಿಯ ನಡುವೆ ನಿಂತು, ಮುಚ್ಚಿದ ಬಾಗಿಲುಗಳಿಗೂ ಕೇಳುವ ಹಾಗೆ ಕೂಗಿದ: “ಬನ್ರಪ್ಪಾ, ನಮ್ಮವ್ವನ್ನ ಎತ್ತಿ.”

ಅವರು ಬಂದರು. ಚಟ್ಟ ಮೇಲೇರಿತು. ಮುಂದಿನ ಹೆಗಲು ಚಿಕ್ಕಣ್ಣನದು. ಸ್ಮಶಾನಕ್ಕೆ ಇದ್ದ ದಾರಿ ಕಟ್ಟೆಯ ಮುಂದೆಯೇ ಹಾಯುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಒಬ್ಬರ ಹಿಂದೊಬ್ಬರು ಇಳಿದು ಬೀದಿಗೆ ಅಡ್ಡಲಾಗಿ ನಿಂತುಕೊಂಡರು. ದ್ಯಾವೇಗೌಡ ಎಲೆಯಡಿಕೆ ಉಗಿದು, ಮುಂದಾಗುವುದನ್ನು ತಾನು ಕಾಣಲಿಲ್ಲ ಎನ್ನುವಂತೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.