ಥರ್ಮಾಮೀಟರಿಗೆ ಸಿಗದ ಜ್ವರ

ಇಪ್ಪತ್ತೈದು ಡಿಗ್ರಿ ಎಂದರೆ ಎಷ್ಟೆಂದು ನಮ್ಮ ಅತ್ತೆಯ ಚರ್ಮಕ್ಕೇ ಗೊತ್ತು. ದೊಡ್ಡಬೆಳವಂಗಲದ ಹತ್ತಿರ ನಮ್ಮದೊಂದು ರೇಷ್ಮೆ ಹುಳದ ಮನೆ, ಅಲ್ಲಿ ಕಾವು ಅಷ್ಟೇ ಇರಬೇಕು. ಅದರ ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಕಾವು ಜಾಸ್ತಿ ಆಯ್ತು" ಎಂದು ಕಿಟಕಿಗೆ ಒದ್ದೆ ಗೋಣಿ ಕಟ್ಟಿಬಿಡುತ್ತಾರೆ. ನಾನು ಅನುಮಾನದ ಪಿಶಾಚಿ. ಒಳಗೆ ಹೋಗಿ ಗೋಡೆಯ ಥರ್ಮಾಮೀಟರ್ ನೋಡುತ್ತಿದ್ದೆ. ಅತ್ತೆಯ ಲೆಕ್ಕ ಒಂದು ಸಲವೂ ತಪ್ಪಿದ್ದಿಲ್ಲ.

ಲೆಕ್ಕ ತಪ್ಪಿದ್ದು ನನ್ನ ಮೈಗೆ. ಯಾವುದೋ ವೈರಲ್ ಜ್ವರ ಬಂದು ಹೋಯಿತು, ಅದು ತಂದ ಸುಸ್ತು ಮಾತ್ರ ಹೋಗಲೇ ಇಲ್ಲ. ಬೆಂಗಳೂರಿನ ಡಾಕ್ಟರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಹೆಸರು ಕೊಟ್ಟರು, ವಾಸಿಮಾಡುವ ಔಷಧಿ ಇಲ್ಲವೆಂದರು. ಏಪ್ರಿಲ್ ಮಧ್ಯಾಹ್ನ ಪಾದ ಐಸಿನಂತೆ ಕೊರೆಯುತ್ತಿತ್ತು. ಸ್ವೆಟರ್ ಹಾಕಿಕೊಂಡ ಹತ್ತು ನಿಮಿಷಕ್ಕೆ ಬೆವರಿ ತೊಪ್ಪೆಯಾಗುತ್ತಿದ್ದೆ. ಮೈ ಸುಡುತ್ತಿದೆ ಎಂದು ಬಾಯಿಗೆ ಥರ್ಮಾಮೀಟರ್ ಇಟ್ಟರೆ ಅದೇ ತೊಂಬತ್ತೆಂಟು. ಸ್ಕೂಲಿನ ಟೀಚರ್ ಕೆಲಸ ಬಿಟ್ಟೆ. ನಾನು ನಿಜವಾಗಿ ಸೋಮಾರಿಯೇ ಇರಬೇಕು ಎಂಬ ಹೆದರಿಕೆ ಕಾಯಿಲೆಗಿಂತ ಹೆಚ್ಚು ತಿನ್ನುತ್ತಿತ್ತು.

ಆ ಹೆದರಿಕೆಗೆ ಬಾಯಿ ಕೊಟ್ಟವಳು ನಾದಿನಿ. ಹಬ್ಬಕ್ಕೆ ತವರಿಗೆ ಬಂದವಳು ನಗುತ್ತಲೇ, "ಥರ್ಮಾಮೀಟರ್‌ಗೂ ಸಿಗ್ದಿರೋ ಜ್ವರ ನಮ್ಮ ಅತ್ತಿಗೆಗೆ ಮಾತ್ರ ಬರೋದು" ಎಂದಳು. ನನಗೆ ರೋಷ ಮೂಗಿನ ತುದಿಯಲ್ಲೇ. ಕುಡುಗೋಲು ಹಿಡಿದು ತೋಟಕ್ಕೆ ಹೋದೆ, ಎರಡು ಗಂಟೆ ಹಿಪ್ಪುನೇರಳೆ ಸೊಪ್ಪು ಕೊಯ್ದೆ. ಮಾರನೆಯ ದಿನ ನೀರಿನ ಲೋಟ ಎತ್ತಲೂ ಆಗಲಿಲ್ಲ. ಎಂಟು ದಿನ ಹಾಸಿಗೆ ಬಿಟ್ಟೇಳಲಿಲ್ಲ.

ಅತ್ತೆ ಬೈಯಲಿಲ್ಲ. ಮಂಚದ ಪಕ್ಕ ಕೂತು ಪಾದ ಮುಟ್ಟಿದರು, ಹಣೆ ಮುಟ್ಟಿದರು.

"ಹುಳಕ್ಕೆ ಎಷ್ಟು ಜ್ವರ ಮಗ?"

"ನಾಲ್ಕು" ಎಂದೆ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎಂದೇ ಹೆಸರು. ಆಗ ಅದು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇದ್ದುಬಿಡುತ್ತದೆ.

"ಅದ್ಕೇನಾದ್ರೂ ಥರ್ಮಾಮೀಟರ್ ಇಕ್ತೀವಾ? ನೋಡುದ್ರೆ ಗೊತ್ತಾಗ್ತದೆ. ಜ್ವರದಲ್ಲಿರೋ ಹುಳಾನ ಮುಟ್ಟಬಾರ್ದು. ಏಳೋಕ್ಮುಂಚೆ ಸೊಪ್ಪು ಹಾಕುದ್ರೆ ಬೆಳೆನೇ ಹಾಳು. ನೀನು ಏಳೋಕ್ಮುಂಚೆ ಸೊಪ್ಪಿಗೆ ಹೋಗಿದ್ದೀಯ."

ಹೊರಗೆ ಹೋಗಿ ಮಗಳಿಗೂ ಹೇಳಿದರು. "ನಿಮ್ಮತ್ತಿಗೆ ಜ್ವರಕ್ಕೆ ಕೂತವ್ಳೆ. ಎಬ್ಬಿಸ್ಬೇಡ." ನಾದಿನಿಯೂ ಹುಳದ ಮನೆಯಲ್ಲೇ ಬೆಳೆದವಳು. ಅಂದಿನಿಂದ ನನ್ನ ಕೋಣೆಯ ಮುಂದೆ ಚಪ್ಪಲಿ ಬಿಟ್ಟು ಮೆಲ್ಲಗೆ ನಡೆಯತೊಡಗಿದಳು.

ನಾನು ಓದಿದವಳು, ರಿಪೋರ್ಟುಗಳ ಫೈಲು ಹಿಡಿದು ಊರೆಲ್ಲ ಸುತ್ತಿದವಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಹೆಂಗಸು ನನ್ನ ಕಾಯಿಲೆಯನ್ನು ನನಗಿಂತ ಚೆನ್ನಾಗಿ ಓದಿದ್ದರು.

ಸಂಜೆ ಹುಳದ ಮನೆಯ ಥರ್ಮಾಮೀಟರನ್ನು ತಂದು ನನ್ನ ಗೋಡೆಗೆ ತೂಗುಹಾಕಿದರು.

"ಹುಳಕ್ಕೆ ಬೇಡ್ವಾ ಅತ್ತೆ?"

"ನಂಗೆ ಮೈಗೇ ಗೊತ್ತಾಗ್ತದೆ. ನಿನ್ ಮೈ ನಿಂಗೆ ಸರಿಯಾಗಿ ಹೇಳ್ತಿಲ್ವಲ್ಲ. ನೀನಿಟ್ಕೋ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅದನ್ನು ಗಮನಿಸದವರಂತೆ ಒಂದು ಗಳಿಗೆ ಕೋಣೆಯ ನಡುವೆ ನಿಂತರು. ಆಮೇಲೆ ಗೋಡೆಯ ಕಡೆ ತಿರುಗಿಯೂ ನೋಡದೆ ನನ್ನ ಕಿಟಕಿಗೆ ಒದ್ದೆ ಗೋಣಿ ಕಟ್ಟಿದರು.